ಸಹಿ ಯಾರದು, ಬೀಗದ ಕೈ ಯಾರದು?

ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ‘ನಿಮ್ಮನೇಲಿ ನೇಯೋರು ಯಾರು?’ ಎಂದು ಕೇಳಿದರೆ ಸಾಮಾನ್ಯವಾಗಿ ಗಂಡಸಿನ ಹೆಸರೇ ಬರುತ್ತದೆ. ಸುಳ್ಳೇನಲ್ಲ. ಗುಂಡಿ ಮಗ್ಗಕ್ಕೆ ಕಾಲು ಇಳಿಬಿಟ್ಟು ಕೂತು ಲಾಳಿ ಹೊಡೆಯುವವನು ಅವನೇ. ಆ ಲಾಳಿಯೊಳಗಿನ ಕಂಡಿಕೆಗೆ ರೇಷ್ಮೆ ಸುತ್ತಿದವಳು ಮಾತ್ರ ಹೆಂಡತಿ. ಹಳೆಯ ಹಾಸು ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ತುದಿಗಳಿಗೆ ಒಂದೊಂದಾಗಿ ಬೆರಳಲ್ಲೇ ಹೊಸೆದು ಕೂಡಿಸಬೇಕು; ಕಣ್ಣು ಸೋಲುವ ಆ ಕೆಲಸಕ್ಕೆ ಮಗಳೋ ಸೊಸೆಯೋ ಕೂರುತ್ತಾರೆ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರುವ ಸೀರೆಯಾದರೆ ಪಕ್ಕದಲ್ಲಿ ಕೂತು ಅಂಚಿನ ಲಾಳಿ ದಾಟಿಸಲು ಇನ್ನೊಂದು ಕೈ ಬೇಕು. ಅದೂ ಮನೆಯ ಕೈಯೇ. ಸೀರೆ ಮಗ್ಗದಿಂದ ಇಳಿದ ಮೇಲೆ ಸಾಹುಕಾರರ ಹತ್ತಿರ ಹೋಗಿ ಕೂಲಿ ಎಣಿಸಿಕೊಳ್ಳುವುದು, ಮುಂದಿನ ಹಾಸಿಗೆ ಮುಂಗಡ ಮಾತಾಡುವುದು, ಸಂಘದ ಪುಸ್ತಕದಲ್ಲಿ ಸಹಿ ಹಾಕುವುದು ಮತ್ತೆ ಅವನೇ.

2011ರಲ್ಲಿ ಮೊಳಕಾಲ್ಮೂರು ಸೀರೆಗೆ ಜಿಐ ಟ್ಯಾಗ್ ಸಿಕ್ಕಿತು. ಊರಿನ ಹೆಸರನ್ನು ಬೇರೆಯವರು ಬಳಸಿಕೊಳ್ಳದಂತೆ ಕಾನೂನಿನ ಕಾವಲು ಬಂತು. ಸೀರೆಯ ಹಿಂದಿರುವ ಕೈಗಳನ್ನು ಎಣಿಸುವುದು ಅಷ್ಟು ಸುಲಭವಲ್ಲ. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ ಸುಮಾರು 35 ಲಕ್ಷ ನೇಕಾರರನ್ನೂ ಪೂರಕ ಕೆಲಸಗಾರರನ್ನೂ ಲೆಕ್ಕ ಹಾಕಿತು. ಅವರಲ್ಲಿ ಶೇ 72ರಷ್ಟು ಮಂದಿ ಹೆಂಗಸರು. ಈ ಸಂಖ್ಯೆಯ ದೊಡ್ಡ ಪಾಲು ಈಶಾನ್ಯ ರಾಜ್ಯಗಳದ್ದು, ಅಲ್ಲಿ ಮಗ್ಗವೇ ಹೆಂಗಸರದು. ನಮ್ಮ ಕಡೆಯ ರೇಷ್ಮೆ ಮಗ್ಗದ ಮನೆಗಳಲ್ಲಿ ಹೆಣ್ಣು ‘ಪೂರಕ’ ಎಂಬ ಕಾಲಂನಲ್ಲಿ ಕೂರುತ್ತಾಳೆ. ಅದೂ ಗಣತಿಗೆ ಬಂದವರು ಬಿಡಿಸಿ ಕೇಳಿದರೆ.

ಪಕ್ಕದ ಚಳ್ಳಕೆರೆಯಲ್ಲಿ ರೇಷ್ಮೆಯ ಜಾಗದಲ್ಲಿ ಉಣ್ಣೆ ಇದೆ, ಲೆಕ್ಕ ಅದೇ. ಕುರಿಯ ತುಪ್ಪಟ ಬಿಡಿಸಿ, ಹದ ಮಾಡಿ, ರಾಟೆಯಲ್ಲಿ ನೂಲುವುದು ಹೆಂಗಸರು. ಹಾಸಿಗೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಹಿಡಿಯುವಾಗ ಮನೆಮಂದಿಯೆಲ್ಲ. ಕಂಬಳಿ ಹೊತ್ತು ಸಂತೆಗೆ ಹೋಗುವವನು ಗಂಡಸು. ಎಣ್ಣೆ ಗಿರಣಿಗಳ ದೆಸೆಯಿಂದ ‘ಎರಡನೇ ಮುಂಬಯಿ’ ಎಂದು ಹೆಸರಾದ ಊರು ಇದು. ಆ ಗಿರಣಿಗೆ ಬರುವ ಶೇಂಗಾದ ಬಿತ್ತನೆ ಬೀಜ ಸುಲಿದವರು, ಹೊಲದ ಕಳೆ ತೆಗೆದವರು, ಗಿಡದಿಂದ ಕಾಯಿ ಬಿಡಿಸಿದವರು ಹೆಣ್ಣಾಳುಗಳು. ಮಂಡಿಯಲ್ಲಿ ದರ ಕೂಗುವ ಹೊತ್ತಿಗೆ ಅವರು ಅಲ್ಲಿರುವುದಿಲ್ಲ.

ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಗಳಲ್ಲಿ ‘ಮಹಿಳಾ ನಾಯಕತ್ವ’, ‘ಎಲ್ಲರನ್ನೂ ಒಳಗೊಳ್ಳುವ ಕೆಲಸದ ಜಾಗ’ ಎಂಬ ಮಾತುಗಳು ಈಗ ಜೋರು ಚಾಲ್ತಿಯಲ್ಲಿವೆ. ಕೇಳಿದರೆ ಬೆಂಗಳೂರಿನ ತಣ್ಣನೆಯ ಸಭಾಂಗಣಗಳ ಸರಕು ಅನ್ನಿಸುತ್ತದೆ: ಸೆಮಿನಾರು, ಶಾಲು, ಗುಂಪು ಫೋಟೊ. ಆದರೆ ಕರ್ನಾಟಕದಲ್ಲಿ ಈ ವಿದ್ಯೆಯ ಬೇರು ಸಾಕಷ್ಟು ಹಳೆಯದು. ಒಂದು ಬೇರಂತೂ ನೇಕಾರರ ಕಷ್ಟದಲ್ಲೇ ಇದೆ. ಅದನ್ನು ಹುಡುಕಿಕೊಂಡು ಹೋದರೆ ಸಿಗುವ ಹೆಸರು ತೋನ್ಸೆ ಅನಂತ ಪೈ, ಅಂದರೆ ಟಿ.ಎ. ಪೈ.

ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಸೇರಿ ₹8,000 ಬಂಡವಾಳದಲ್ಲಿ ಒಂದು ಬ್ಯಾಂಕ್ ಕಟ್ಟಿದರು. ಮಗ್ಗದ ಕಸುಬು ಕುಸಿದು ಕಂಗಾಲಾಗಿದ್ದ ಅಲ್ಲಿನ ನೇಕಾರರಿಗೆ ಕೈ ಹಿಡಿಯುವುದು ಅದರ ಮೊದಲ ಉದ್ದೇಶ. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟ್ ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತುವ ರೂಢಿಯೇ ಇಲ್ಲದ ಹೆಂಗಸರಿಗೂ ಉಳಿತಾಯದ ದಾರಿ ತೆರೆದದ್ದು ಹೀಗೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ. ಟಿ.ಎ. ಪೈ, ಡಾ. ಟಿ.ಎಂ.ಎ. ಪೈ ಅವರ ಅಣ್ಣನ ಮಗ, ಹುಟ್ಟಿದ್ದು 1922ರಲ್ಲಿ. ವಾಣಿಜ್ಯ ಓದಿ, ಎಳೆಯ ವಯಸ್ಸಿನಲ್ಲೇ ಮನೆತನದ ಬ್ಯಾಂಕಿನ ಹೊಣೆ ಹೊತ್ತರು.

ಅವರು ಬ್ಯಾಂಕಿನ ಚುಕ್ಕಾಣಿ ಹಿಡಿದಿದ್ದಾಗ, 1962ರಲ್ಲಿ, ಬೆಂಗಳೂರಿನ ಶೇಷಾದ್ರಿಪುರದಲ್ಲಿ ಒಂದು ಶಾಖೆ ತೆರೆಯಿತು. ಮ್ಯಾನೇಜರ್ ಹೆಂಗಸು, ಕ್ಯಾಷ್ ಕೌಂಟರಿನಲ್ಲಿ ಹೆಂಗಸು, ಲೆಡ್ಜರ್ ಬರೆಯುವವರೆಲ್ಲ ಹೆಂಗಸರು. ಈಗ ಇದರಲ್ಲಿ ಏನು ವಿಶೇಷ ಅನ್ನಿಸಬಹುದು. ಆದರೆ ಬ್ಯಾಂಕಿನ ಭದ್ರತಾ ಕೊಠಡಿ ತೆರೆಯುವ ರೀತಿ ಗೊತ್ತಿದ್ದವರಿಗೆ ವಿಶೇಷ ತಿಳಿಯುತ್ತದೆ. ಆ ಬಾಗಿಲು ಒಂದೇ ಬೀಗದ ಕೈಗೆ ಬಗ್ಗುವುದಿಲ್ಲ. ಎರಡು ಬೀಗದ ಕೈ, ಇಬ್ಬರು ಹೊಣೆಗಾರರು; ಇಬ್ಬರೂ ಎದುರಿಗೆ ನಿಂತು ತಿರುಗಿಸಿದರೆ ಮಾತ್ರ ಒಳಗಿನ ನಗದು ಕಣ್ಣಿಗೆ ಬೀಳುತ್ತದೆ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಉತ್ತರ ಹೇಳಬೇಕಾದವರೂ ಅವರೇ. ಹೆಣ್ಣುಮಕ್ಕಳನ್ನು ಟೈಪಿಂಗ್‌ಗೋ ಟೆಲಿಫೋನಿಗೋ ಕೂರಿಸುವುದು ಆ ಕಾಲದ ಕಚೇರಿಗಳಿಗೆ ಗೊತ್ತಿದ್ದ ಸಂಗತಿ. ಊರವರ ದುಡ್ಡಿನ ಎರಡೂ ಬೀಗದ ಕೈ ಅವರಿಗೆ ಒಪ್ಪಿಸುವುದು ಬೇರೆಯದೇ ಮಾತು.

ಇದು ದಿಢೀರನೆ ಆದದ್ದೂ ಅಲ್ಲ. ಕೆನರಾ ಬ್ಯಾಂಕಿನ ಸ್ಥಾಪಕ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಕೆನರಾ ಗರ್ಲ್ಸ್ ಹೈಸ್ಕೂಲ್ ತೆರೆದದ್ದು 1894ರಲ್ಲಿ. ಬ್ಯಾಂಕ್ ಕಟ್ಟಿದ್ದು 1906ರಲ್ಲಿ. ಶಾಲೆ ಮೊದಲು, ಬ್ಯಾಂಕ್ ಆಮೇಲೆ. ಲೆಕ್ಕ ಬರೆಯಬಲ್ಲ ಹೆಣ್ಣುಮಕ್ಕಳ ಎರಡು ಮೂರು ತಲೆಮಾರು ತಯಾರಾದ ಮೇಲೆಯೇ ಇಂಥ ಶಾಖೆ ಸಾಧ್ಯವಾಯಿತು ಎಂಬುದನ್ನು ‘ನಮ್ಮಲ್ಲಿ ಅರ್ಹ ಹೆಂಗಸರೇ ಸಿಗೋದಿಲ್ಲ’ ಎನ್ನುವ ಮಾಲೀಕರು ಗಮನಿಸಬೇಕು.

ಟಿ.ಎ. ಪೈ 1965ರಲ್ಲಿ ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾದರು, ಆಮೇಲೆ ಎಲ್‌ಐಸಿಯ ಅಧ್ಯಕ್ಷರು, 1972ರಲ್ಲಿ ಕೇಂದ್ರದ ರೈಲ್ವೆ ಸಚಿವರು. ಬದುಕಿನ ಕೊನೆಯ ಹೊತ್ತಿಗೆ, 1980ರಲ್ಲಿ, ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆಯೊಂದಕ್ಕೆ ಬುನಾದಿ ಹಾಕಿದರು. ಟ್ಯಾಪ್ಮಿ ಎಂದು ಹೆಸರಾದ ಅದು ಇಂದು ಅವರ ಹೆಸರನ್ನೇ ಹೊತ್ತಿದೆ. ಬುನಾದಿ ಹಾಕಿದ ಮರುವರ್ಷವೇ ಪೈ ತೀರಿಕೊಂಡರು. ಸಂಸ್ಥೆ ಕಟ್ಟುವ ಪಾಠವನ್ನು ತರಗತಿಗೆ ತರುವ ಮೊದಲು ಅವರು ನೇಮಕಾತಿ ಪಟ್ಟಿಯಲ್ಲಿ ಬರೆದಿದ್ದರು. ಶೇಷಾದ್ರಿಪುರದ ಶಾಖೆ ಇವತ್ತಿಗೂ ನೆನಪಾಗುವುದು ಈ ಕಾರಣಕ್ಕೆ.

ಹಾಗೆಂದು ಹೆಂಗಸರದ್ದೇ ಒಂದು ಶಾಖೆ ತೆರೆದರೆ ಕೆಲಸ ಮುಗಿಯಿತೇ? ಇಲ್ಲ. ಅಂಥ ಒಂದು ಶಾಖೆ ಇಡೀ ಬ್ಯಾಂಕಿನ ಪ್ರದರ್ಶನದ ಗಾಜಿನ ಪೆಟ್ಟಿಗೆಯೂ ಆಗಿಬಿಡಬಹುದು. ಶೇಷಾದ್ರಿಪುರದ ಶಾಖೆಗೆ 51 ವರ್ಷ ತುಂಬಿದಾಗ, 2013ರ ನವೆಂಬರಿನಲ್ಲಿ, ಕೇಂದ್ರ ಸರ್ಕಾರ ಭಾರತೀಯ ಮಹಿಳಾ ಬ್ಯಾಂಕನ್ನೇ ತೆರೆಯಿತು. ನಾಲ್ಕು ವರ್ಷ ತುಂಬುವ ಮೊದಲೇ, 2017ರ ಏಪ್ರಿಲ್ 1ರಂದು, ಅದು ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಸಿಂಡಿಕೇಟ್ ಬ್ಯಾಂಕ್ ಕೂಡ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಬೋರ್ಡುಗಳು ಬದಲಾಗುತ್ತವೆ. ಉಳಿಯಬೇಕಾದದ್ದು ಒಳಗಿನ ಸಂಖ್ಯೆ.

ಸಂಖ್ಯೆಯ ಈ ಮಾತನ್ನು ಶಾಸ್ತ್ರವಾಗಿ ಹೇಳಿದವರು ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕಿ ರೋಸಬೆತ್ ಮಾಸ್ ಕ್ಯಾಂಟರ್. 1977ರಲ್ಲಿ ಬಂದ ಅವರ ಪುಸ್ತಕ ಒಂದು ದೊಡ್ಡ ಕಂಪನಿಯೊಳಗಿನ ಗಂಡಸರು ಹೆಂಗಸರ ನಡವಳಿಕೆಯನ್ನು ಬಿಡಿಸಿಟ್ಟಿತು. ಗುಂಪಿನಲ್ಲಿ ಒಂದು ವರ್ಗದವರು ಶೇ 15ಕ್ಕಿಂತ ಕಡಿಮೆ ಇದ್ದರೆ ಅವರನ್ನು ಯಾರೂ ಬರೀ ನೌಕರರಾಗಿ ನೋಡುವುದಿಲ್ಲ. ಇಡೀ ಹೆಣ್ಣುಕುಲದ ಪ್ರತಿನಿಧಿಗಳಾಗಿ ನೋಡುತ್ತಾರೆ. ಒಬ್ಬಳು ತಪ್ಪಿದರೆ ‘ಹೆಂಗಸರೇ ಹಿಂಗೆ’, ಗೆದ್ದರೆ ‘ಇವಳೊಬ್ಬಳು ಬಿಡಿ, ಬೇರೆ ಥರ’. ಮೂರನೇ ಒಂದು ಭಾಗದ ಹತ್ತಿರ ಬಂದಾಗ ಅವರಲ್ಲೇ ಗೆಳೆತನ, ಜಗಳ, ಒಪ್ಪಂದ ಎಲ್ಲ ಹುಟ್ಟಿ ಗುಂಪಿನ ರೀತಿಯೇ ಬದಲಾಗುತ್ತದೆ ಎಂಬುದು ಅವರ ವಾದ.

ಕರ್ನಾಟಕ ಈ ಪ್ರಯೋಗವನ್ನು ಕಂಪನಿಗಳಲ್ಲಲ್ಲ, ಹಳ್ಳಿಗಳಲ್ಲಿ ಮಾಡಿತು. 1983ರ ಪಂಚಾಯಿತಿ ಕಾಯ್ದೆ ಹೆಂಗಸರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ದೇಶಕ್ಕೆ ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಮೊದಲಿನ ಮಾತಿದು. 1993ರ ಕಾಯ್ದೆಯಲ್ಲಿ ಅದು ಮೂರನೇ ಒಂದು ಭಾಗವಾಯಿತು, 2010ರಲ್ಲಿ ಅರ್ಧ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಯಾವ ಗ್ರಾಮ ಪಂಚಾಯಿತಿಗೆ ಹೋದರೂ ಇಂದು ಸಭೆಯ ಅರ್ಧ ಕುರ್ಚಿ ಹೆಂಗಸರದು.

‘ಅಯ್ಯೋ, ಎಲ್ಲ ಅಧ್ಯಕ್ಷರ ಗಂಡಂದೇ ಕಾರುಬಾರು’ ಎಂಬ ಮಾತು ಬಂದೇ ಬರುತ್ತದೆ. ಅದರಲ್ಲಿ ನಿಜವೂ ಇದೆ. ಆದರೆ ಐಐಎಂ ಕಲ್ಕತ್ತದ ಪ್ರಾಧ್ಯಾಪಕ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಮುಂದೆ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ, ರಾಜಸ್ಥಾನಗಳ 265 ಪಂಚಾಯಿತಿಗಳನ್ನು ಹೋಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದನ್ನು ತೋರಿಸಿತು. ಅಲ್ಲಿ ಮಹಿಳಾ ಮೀಸಲು ಸರದಿಯಲ್ಲಿ ಬಂದದ್ದರಿಂದ ಹೋಲಿಕೆಗೆ ಅನುಕೂಲವಾಯಿತು. ಹೆಂಗಸರು ಮುಖ್ಯಸ್ಥರಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು, ಏಕೆಂದರೆ ಆ ಊರುಗಳ ಹೆಂಗಸರು ಹೆಚ್ಚು ಕೇಳುತ್ತಿದ್ದುದು ಅದನ್ನೇ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದಾದ ಚಳ್ಳಕೆರೆಯ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಯೂ ಬೀಗದ ಕೈ ಇದೆ. ಗ್ರಾಮ ಪಂಚಾಯಿತಿಯ ಹಣ ಪಾವತಿಗೆ ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರ ಸಹಿಯೂ ಬೇಕು. ಮೊದಲು ಅದು ಚೆಕ್ಕಿನ ಮೇಲಿನ ಸಹಿ, ಈಗ ಡಿಜಿಟಲ್ ಸಹಿ ತುಂಬಿದ, ಬೆರಳುದ್ದದ ಡಾಂಗಲ್. ಅಧ್ಯಕ್ಷೆಯ ಡಾಂಗಲ್ ಅವರ ವ್ಯಾನಿಟಿ ಬ್ಯಾಗಿನಲ್ಲಿದೆಯೋ, ಗಂಡನ ಅಂಗಿ ಜೇಬಿನಲ್ಲಿದೆಯೋ, ಕಂಪ್ಯೂಟರ್ ಆಪರೇಟರನ ಡ್ರಾಯರಿನಲ್ಲಿದೆಯೋ ನೋಡಿದರೆ ಸಾಕು. ಆ ಪಂಚಾಯಿತಿಯ ಮಹಿಳಾ ನಾಯಕತ್ವದ ಬಗ್ಗೆ ಬೇರೆ ಸಮೀಕ್ಷೆ ಬೇಡ.

ಸಹಿಯ ವಿದ್ಯೆಯನ್ನು ಹಳ್ಳಿಯ ಹೆಂಗಸರಿಗೆ ಹೆಚ್ಚು ವ್ಯಾಪಕವಾಗಿ ಕಲಿಸಿದ ಶಾಲೆ ಎಂದರೆ ಸ್ವಸಹಾಯ ಸಂಘ. ಅದರ ತವರೂ ಕರ್ನಾಟಕವೇ. 1980ರ ದಶಕದ ನಡುವೆ ಅಲೋಶಿಯಸ್ ಫರ್ನಾಂಡಿಸ್ ನೇತೃತ್ವದ ಮೈರಾಡಾ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಒಡೆದ ಮೇಲೆ ಜನ ತಮಗೆ ನಂಬಿಕೆ ಇದ್ದವರ ಜತೆ ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲ ತೀರಿಸುತ್ತೇವೆ, ಇದೇ ಗುಂಪಿನಲ್ಲಿ ಮುಂದುವರಿಯುತ್ತೇವೆ ಎಂದರು. ಆ ಸುಳಿವನ್ನು ಮೈರಾಡಾ ಹಿಡಿದುಕೊಂಡಿತು, ನಬಾರ್ಡ್ ಹಣ ಕೊಟ್ಟಿತು, 1992ರಲ್ಲಿ ಬ್ಯಾಂಕ್ ಜೋಡಣೆಯ ರಾಷ್ಟ್ರೀಯ ಪ್ರಯೋಗ ಶುರುವಾಯಿತು. 2000ದಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು, ಆಮೇಲೆ ಸಂಜೀವಿನಿ. ಒಂದು ಸೋಲಿನಿಂದ ಇಷ್ಟು ದೊಡ್ಡ ವ್ಯವಸ್ಥೆ ಹುಟ್ಟಿದ್ದು ಸಣ್ಣ ಮಾತಲ್ಲ.

ಸಂಜೀವಿನಿಯ ಗುಂಪುಗಳಲ್ಲಿ ‘ಪಂಚಸೂತ್ರ’ ಎಂಬುದನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ ಬರಹ. ಪುಸ್ತಕ ಬರೆಯಲು ಎಂಬಿಕೆ ಎಂದೇ ಕರೆಸಿಕೊಳ್ಳುವ ಮುಖ್ಯ ಪುಸ್ತಕ ಬರಹಗಾರ್ತಿ ಇರುತ್ತಾಳೆ. ಸಂಘದ ಖಾತೆಯಿಂದ ಹಣ ತೆಗೆಯಲು ಒಬ್ಬಳ ಸಹಿ ಸಾಲದು, ಪ್ರತಿನಿಧಿಗಳು ಜಂಟಿಯಾಗಿ ಹಾಕಬೇಕು. ಶೇಷಾದ್ರಿಪುರದ ಎರಡು ಬೀಗದ ಕೈಗಳ ನಿಯಮವೇ ಇದು, ಹಳ್ಳಿಯ ಜಗಲಿಗೆ ಬಂದಿದೆ ಅಷ್ಟೆ.

ಆದರೆ ಸಾಲ ತರುವುದು ಒಂದು, ವ್ಯಾಪಾರ ಮಾಡುವುದು ಇನ್ನೊಂದು. ಈ ಎರಡನೆಯದಕ್ಕೆ ಚಳ್ಳಕೆರೆ, ಮೊಳಕಾಲ್ಮೂರಿನವರು ಹೋಗುವ ಬಾಗಿಲುಗಳಲ್ಲಿ ಒಂದು ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆ. ಇದರ ಮೂಲವೂ ಕರಾವಳಿ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಶುರು ಮಾಡಿದ ಪ್ರಯೋಗ ಅದು. ಊಟ ವಸತಿ ಸಮೇತ ಉಚಿತ ತರಬೇತಿ, ಮುಗಿದ ಮೇಲೆ ಎರಡು ವರ್ಷ ಬೆನ್ನು ಹತ್ತಿ ವಿಚಾರಿಸುವುದು. ಫಲ ಕಂಡ ಕೇಂದ್ರ ಸರ್ಕಾರ 2009ರಲ್ಲಿ ಜಿಲ್ಲೆಗೊಂದು ಇಂಥ ಸಂಸ್ಥೆ ಎಂದು ಅದನ್ನು ದೇಶಕ್ಕೆಲ್ಲ ಹರಡಿತು.

ಇಂಥ ತರಬೇತಿಗಳಲ್ಲಿ ಒಂದು ಆಟ ಆಡಿಸುತ್ತಾರೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆ. ಎಲ್ಲಿಂದ ಎಸೆಯಬೇಕು ಎಂದು ತೀರ್ಮಾನಿಸುವುದು ಎಸೆಯುವವರೇ. ದೂರ ನಿಂತಷ್ಟೂ ಅಂಕ ಹೆಚ್ಚು. ಕೆಲವರು ಗೂಟದ ನೆತ್ತಿಯ ಮೇಲೇ ನಿಂತು ಹಾಕುತ್ತಾರೆ, ಕೆಲವರು ಜೂಜಿನವರ ಹಾಗೆ ಗೋಡೆಗೆ ಆತು ಎಸೆಯುತ್ತಾರೆ. ತನ್ನ ಕೈ ಅಳತೆ ತಿಳಿದು ನಡುವೆ ನಿಂತವರು ಉದ್ಯಮಕ್ಕೆ ತಕ್ಕವರು ಎಂಬುದು ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್ ಅವರ ವಿಚಾರ. ಅವರು ಇದನ್ನು 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳ ಮೇಲೆ ಪ್ರಯೋಗಿಸಿ ನೋಡಿದ್ದರು.

ಹೆಂಗಸರ ತಂಡಗಳಲ್ಲಿ ಬಳೆ ಎಸೆಯುವುದಕ್ಕಿಂತ ಕಷ್ಟದ ಪಾಠ ಇನ್ನೊಂದಿದೆ: ಬೆಲೆ ಕಟ್ಟುವುದು. ಶೇಂಗಾ ಚಿಕ್ಕಿಯ ಉದಾಹರಣೆ ನೋಡಿ. ಶೇಂಗಾ ಎಷ್ಟು, ಬೆಲ್ಲ ಎಷ್ಟು, ಗ್ಯಾಸು, ಪ್ಯಾಕೆಟ್ಟು, ಬಸ್ ಚಾರ್ಜು ಎಂದು ಬೋರ್ಡಿನ ಮೇಲೆ ಬರೆಯುತ್ತ ಬಂದು ಕೊನೆಗೆ ‘ನಿಮ್ಮ ಕೂಲಿ ಎಷ್ಟು ಹಾಕೋಣ?’ ಎಂದರೆ ಬರುವ ಉತ್ತರ ಹೆಚ್ಚು ಕಡಿಮೆ ಒಂದೇ: ‘ನಮ್ದೇನ್ ಕೂಲಿ, ಮನೇಲೇ ಅಲ್ವಾ ಮಾಡೋದು.’ ಆ ಸಾಲು ಖಾಲಿ ಬಿಟ್ಟರೆ ಚಿಕ್ಕಿ ಅಗ್ಗವಾಗುತ್ತದೆ, ಮಾರಾಟವೂ ಆಗುತ್ತದೆ, ಆರು ತಿಂಗಳಿಗೆ ಸಾಲದ ಕಂತು ಕಟ್ಟಲು ದುಡ್ಡಿರುವುದಿಲ್ಲ. ಕಂಡಿಕೆ ಸುತ್ತುವ ಕೈಗೂ, ಉಣ್ಣೆ ನೂಲುವ ಕೈಗೂ ಆಗಿರುವುದು ಇದೇ. ಮಗ್ಗದ ಕೂಲಿಯೊಳಗೆ ಅವರ ಗಂಟೆಗಳು ಕರಗಿಹೋಗಿವೆ.

ಈ ಗಂಟೆಗಳನ್ನು ಎಣಿಸಿ ತೋರಿಸಲು ಹಟ ಹಿಡಿದವರು ಮೈಸೂರಿನಲ್ಲಿ 1933ರಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್. ಹಿಂದೆ ದೆಹಲಿಯ ಮಿರಾಂಡಾ ಹೌಸ್‌ನಲ್ಲಿ ಪಾಠ ಹೇಳಿದ್ದ ಅವರು 1970ರ ದಶಕದಲ್ಲಿ ರಾಜಸ್ಥಾನ, ಬಂಗಾಳಗಳ ಹಳ್ಳಿಗಳಲ್ಲಿ ಯಾರು ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂದು ಬರೆಸಿದರು. ಸರ್ಕಾರದ ಲೆಕ್ಕದಲ್ಲಿ ‘ಕೆಲಸವಿಲ್ಲದವರು’ ಎಂದಿದ್ದ ಹೆಂಗಸರು ದಿನವಿಡೀ ದುಡಿಯುತ್ತಿದ್ದರು. ದೇವಕಿ ಜೈನ್ ಕಟ್ಟಿದ ಸಂಸ್ಥೆ ಕರ್ನಾಟಕದ ರೇಷ್ಮೆ ಕಸುಬಿನಲ್ಲಿ ಹೆಂಗಸರ ಪಾಲನ್ನೂ ಅಧ್ಯಯನ ಮಾಡಿತು. ಈಗ ಇಂಥ ಸಮೀಕ್ಷೆಯನ್ನು ಸರ್ಕಾರವೇ ಮಾಡುತ್ತದೆ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 88 ನಿಮಿಷ.

ಪೇಟೆಯ ಹೆಂಗಸರಿಗೂ ದಾರಿ ಸಲೀಸಾಗಿರಲಿಲ್ಲ. 1983ರಲ್ಲಿ ಮಧುರಾ ಛತ್ರಪತಿ ಮೊದಲಾದವರು ಬೆಂಗಳೂರಿನಲ್ಲಿ ಅವೇಕ್ ಎಂಬ ಮಹಿಳಾ ಉದ್ಯಮಿಗಳ ಸಂಘ ಕಟ್ಟಿದಾಗ ಅದರ ರೀತಿ ಸರಳವಾಗಿತ್ತು: ಆಗಲೇ ಉದ್ಯಮ ನಡೆಸುತ್ತಿರುವ ಹೆಂಗಸು ಹೊಸಬಳಿಗೆ ದಾರಿ ಹೇಳುವುದು. ಬ್ಯಾಂಕಿನಲ್ಲಿ ಯಾರನ್ನು ಕಾಣಬೇಕು, ಯಾವ ಕಾಗದಕ್ಕೆ ಯಾರ ರುಜು, ‘ಯಜಮಾನ್ರನ್ನ ಕರ್ಕೊಂಡು ಬನ್ನಿ’ ಎಂದರೆ ಏನು ಹೇಳಬೇಕು. ಪುಸ್ತಕದಲ್ಲಿ ಸಿಗದ ವಿದ್ಯೆ ಇದು.

ಇನ್ನು ಕಾನೂನು. ಲಿಸ್ಟೆಡ್ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಒಬ್ಬ ಹೆಂಗಸಾದರೂ ಇರಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳಿತು. ಚಳ್ಳಕೆರೆಯ ಗಿರಣಿಗೂ ಮೊಳಕಾಲ್ಮೂರಿನ ಮಗ್ಗಕ್ಕೂ ಅದರಿಂದ ಏನೂ ಆಗಬೇಕಾದ್ದಿಲ್ಲ. ಇಲ್ಲಿಗೆ ನೇರವಾಗಿ ತಟ್ಟುವುದು ಅದೇ ವರ್ಷದ ಇನ್ನೊಂದು ಕಾಯ್ದೆ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವುದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ಮುಖ್ಯಸ್ಥೆ ಹೆಂಗಸೇ ಆಗಿರಬೇಕು. ರಚಿಸದ ಮಾಲೀಕರಿಗೆ ₹50,000ವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರು, ಮನೆಗೆಲಸದವರು ಕೂಡ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಈ ಸಮಿತಿಯ ಹೆಸರೇ ಗೊತ್ತಿಲ್ಲದಿದ್ದರೆ ಕಾಯ್ದೆ ಗೆಜೆಟ್ಟಿನಲ್ಲೇ ಉಳಿಯುತ್ತದೆ. ಗಿರಣಿಯ ಗೋಡೆಗೆ ಒಂದು ಕನ್ನಡದ ಬೋರ್ಡು ಹಾಕಲು ಯಾವ ಮ್ಯಾನೇಜ್‌ಮೆಂಟ್ ಪದವಿಯೂ ಬೇಕಿಲ್ಲ.

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನಲ್ಲಿ ಇದರ ಚರ್ಚೆ ಉತ್ಪಾದಕತೆ, ನೇಮಕಾತಿ ಎಂದು ಸಾಗಿತು. ಚಳ್ಳಕೆರೆಯ ಕಾಡುಗೊಲ್ಲರ ಹಟ್ಟಿಗಳ ಹಿನ್ನೆಲೆಯಲ್ಲಿ ಅದಕ್ಕೆ ಬೇರೆಯೇ ಬಣ್ಣ ಬರುತ್ತದೆ. ಅಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ಕಟ್ಟಲೆ ತಲೆಮಾರುಗಳಿಂದ ನಡೆದುಬಂದಿದೆ. ಒಂದು ಕಡೆ ದೇಹದ ನೋವನ್ನು ಒಪ್ಪಿ ಕೊಡುವ ರಜೆ, ಇನ್ನೊಂದು ಕಡೆ ಅದೇ ದೇಹಕ್ಕೆ ಹಾಕುವ ಬಹಿಷ್ಕಾರ. ಈ ವ್ಯತ್ಯಾಸವನ್ನು ಶಾಲೆಯಲ್ಲಿ ಹೇಳಿಕೊಡದಿದ್ದರೆ ಮೊದಲನೆಯದು ಎರಡನೆಯದಕ್ಕೆ ನೆಪವಾಗುವ ಅಪಾಯ ಇದೆ. ಇದೇ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ, ಅಕ್ಷರ ಬಾರದ ಹೆಂಗಸು, ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡು ಹಾಡಿ, ವಿದ್ವಾಂಸರನ್ನು ತನ್ನ ಮನೆಬಾಗಿಲಿಗೆ ಕರೆಸಿಕೊಂಡದ್ದನ್ನೂ ಇಲ್ಲಿ ನೆನೆಯಬೇಕು. ಹಟ್ಟಿಯಲ್ಲಿ ನಾಯಕಿಯರಿಗೆ ಕೊರತೆ ಎಂದೂ ಇರಲಿಲ್ಲ.

ಚಳ್ಳಕೆರೆ ಮತ್ತೊಂದು ಬದಲಾವಣೆಯ ನಡುವೆ ಇದೆ. ನಾಯಕನಹಟ್ಟಿ ಸೀಮೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಡಿಆರ್‌ಡಿಒ, ಬಿಎಆರ್‌ಸಿ, ಇಸ್ರೊ, ಐಐಎಸ್‌ಸಿ ಪಾಲಾಯಿತು. ಕುರಿ ದನ ಮೇಯಿಸುತ್ತಿದ್ದವರು ಹುಲ್ಲುಗಾವಲು ಹೋಯಿತೆಂದು ಹೋರಾಡಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಮೇವು ಕಡಿಮೆಯಾದರೆ ಕುರಿ ಕಡಿಮೆ, ಕುರಿ ಕಡಿಮೆಯಾದರೆ ನೂಲುವ ಹೆಂಗಸರ ರಾಟೆಗೆ ಉಣ್ಣೆ ಕಡಿಮೆ. ಕುದಾಪುರದಲ್ಲಿ ಐಐಎಸ್‌ಸಿ ಈಗ ಸರ್ಕಾರಿ ಶಾಲೆಗಳ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಬಂದು ಕಲಿತು ಹೋಗುವವರಲ್ಲಿ ಶಿಕ್ಷಕಿಯರೂ ಇದ್ದಾರೆ.

ಈ ಐಐಎಸ್‌ಸಿಗೂ ಒಂದು ಹಳೆಯ ಲೆಕ್ಕವಿದೆ. 1933ರಲ್ಲಿ ಬೊಂಬಾಯಿಯ ಪದವೀಧರೆ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು, ಬೆಂಗಳೂರಿನ ಈ ಸಂಸ್ಥೆಗೆ ಅರ್ಜಿ ಹಾಕಿದಾಗ ನಿರ್ದೇಶಕ ಸಿ.ವಿ. ರಾಮನ್ ಹೆಣ್ಣು ಎಂಬ ಕಾರಣಕ್ಕೆ ಬೇಡ ಎಂದಿದ್ದರು. ಆಕೆ ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಒಳಗೆ ಸೇರಿಸಿಕೊಂಡರು. ಕೆಲಸ ನೋಡಿದ ಮೇಲೆ ಮುಂದಿನ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು.

ಮತ್ತೆ ಚಳ್ಳಕೆರೆಗೆ ಬಂದರೆ, ಕಾವಲಿನ ಕಾಂಪೌಂಡಿನ ಒಳಗೆ ಸುತ್ತಲ ಹಟ್ಟಿಗಳ, ಹಳ್ಳಿಗಳ ಎಷ್ಟು ಹೆಣ್ಣುಮಕ್ಕಳು ಹೋಗುತ್ತಾರೆ, ಯಾವ ಕೆಲಸಕ್ಕೆ ಹೋಗುತ್ತಾರೆ ಎಂಬುದನ್ನು ಆ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪ್ರಕಟಿಸಬಹುದು: ಕಸಗುಡಿಸಲು ಎಷ್ಟು ಮಂದಿ, ಕ್ಯಾಂಟೀನಿಗೆ ಎಷ್ಟು, ಪ್ರಯೋಗಾಲಯದ ಸಹಾಯಕಿಯಾಗಿ ಎಷ್ಟು, ಇಂಜಿನಿಯರಾಗಿ ಎಷ್ಟು. ಇದಕ್ಕೆ ಹೊಸ ಕಾನೂನು ಬೇಡ, ಹಾಜರಿ ಪುಸ್ತಕ ಸಾಕು.